ಗುಡುಗು ಮಳೆ ಮತ್ತು ನೀರಿನ ಮೇಲಿನ ಸಂಚಾರ: ಹಾಯಿಹಡಗಿನಿಂದ ಹರಿಗೋಲಿನವರೆಗೆ

ಹತ್ತಿಯ ವ್ಯವಹಾರದಲ್ಲಿ ಪಳಗಿದ ಹಿರಿಯರಿಗೆ 'ಕುಮಟಾ' ಎಂಬ ಹೆಸರು ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪೇಟೆಯಲ್ಲಿ ಧಾರವಾಡ ಸೀಮೆಯ ಜವಾರಿ ಹತ್ತಿ ಈ ಹೆಸರಿನಿಂದಲೇ ಮಾರಾಟವಾಗುತ್ತಿತ್ತು. ಕುಮಟೆಯಲ್ಲಿ ಆ ಹತ್ತಿ ಬೆಳೆಯುತ್ತಿರಲಿಲ್ಲ. ಬಯಲುಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಪತ್ತೆಮಾರಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಹೊರಟ ಬಂದರಿನ ಹೆಸರೇ ಮಾಲಿಗೆ ಅಂಟಿಕೊಂಡಿತು. ಈ ಹಡಗುಗಳು ವರ್ಷವಿಡೀ ನಡೆಯುತ್ತಿರಲಿಲ್ಲ. ಮುಂಗಾರು ಹಿಡಿಯುವ ಮುನ್ನ ದಡ ಸೇರಿದ ಹಡಗು ಮತ್ತೆ ನೀರಿಗಿಳಿಯುತ್ತಿದ್ದುದು ನೂಲ ಹುಣ್ಣಿಮೆ ಕಳೆದು, ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಬಳಿಕ. ಈ ಬಿಡುವನ್ನು ಲೆಕ್ಕದಲ್ಲಿ ಹಿಡಿದೇ ಅಂದಿನ ವರ್ತಕರು ಸೌದಾ ಮಾಡಬೇಕಾಗುತ್ತಿತ್ತು.

ನಮ್ಮ ಭಾಗಕ್ಕೆ ರೈಲು ಬೇಗ ಬಂದಿತು. ಮುಂಬಯಿ ಮತ್ತು ಮದರಾಸಿನ ರೈಲು ಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಯಾದಗಿರಿ ಆ ಮಾರ್ಗದ ಮೇಲೆಯೇ ಇದೆ. ಆದ್ದರಿಂದ ಹಾಯಿ, ಕೂವೆಮರ, ಲಂಗರು ಎಂಬ ಮಾತುಗಳು ನಮ್ಮ ಅಡತಿ ಅಂಗಡಿಗಳಲ್ಲಿ ಕೇಳಿಬರುವುದು ಅಪರೂಪ. ಹಾಗೆಂದ ಮಾತ್ರಕ್ಕೆ ನೀರಿನ ಮೇಲಿನ ಸಂಚಾರ ನಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಲಾಗದು. ಕೃಷ್ಣೆ ಮತ್ತು ಭೀಮೆ ಎರಡನ್ನೂ ಪಡೆದ ಜಿಲ್ಲೆ ನಮ್ಮದು. ನಾರಾಯಣಪುರದ ಬಸವಸಾಗರದಲ್ಲಿ ಮೀನುಗಾರರ ದೋಣಿಗಳಿವೆ. ನದಿಯಂಚಿನ ಹಳ್ಳಿಗಳಲ್ಲಿ ತೆಪ್ಪವೆಂದೂ ಕರೆಯಲ್ಪಡುವ ಹರಿಗೋಲು ಪೂರ್ತಿ ಮರೆಯಾಗಿಲ್ಲ. ಮಂಗಳೂರಿನ ಮೂಲಕ ಮಾಲು ಕಳಿಸುವವರು, ಕಾರವಾರ ಗೋವೆಗಳಿಗೆ ಕುಟುಂಬ ಸಮೇತ ಪ್ರವಾಸ ಹೋಗಿ ದೋಣಿ ಏರುವವರು ನಮ್ಮ ಸದಸ್ಯರಲ್ಲಿಯೂ ಇದ್ದಾರೆ. ಇವರೆಲ್ಲರಿಗೂ ಸಮಾನವಾದ ಅಪಾಯವೊಂದಿದೆ. ಅದು ದೊಡ್ಡ ಚಂಡಮಾರುತವಲ್ಲ. ಚಂಡಮಾರುತದ ಸುದ್ದಿ ನಾಲ್ಕು ದಿನ ಮೊದಲೇ ಪತ್ರಿಕೆಯಲ್ಲಿ ಬರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ನೀಲಿಯಾಗಿದ್ದ ಆಕಾಶದಿಂದ ಸಂಜೆ ನಾಲ್ಕಕ್ಕೆ ಎರಗುವ ಗುಡುಗು ಮಳೆಯೇ ಆ ಅಪಾಯ.

ಗುಡುಗುಮೋಡದ ಒಳಗೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಎರೆನೆಲವೂ ಬಂಡೆಗುಡ್ಡಗಳೂ ಕಾದು ಕೆಂಡವಾಗುತ್ತವೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಹಗುರಾಗಿ ಮೇಲೇರುತ್ತದೆ. ಅದರಲ್ಲಿ ತೇವಾಂಶ ಸಾಕಷ್ಟಿದ್ದರೆ ಮೇಲೆ ಹೋದಂತೆ ತಣಿದು ಮೋಡವಾಗುತ್ತದೆ. ಮೋಡವಾಗುವಾಗ ಹೊರಬೀಳುವ ಶಾಖವು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ಹೀಗೆ ಬೆಳೆದ ಗುಡುಗುಮೋಡ ಹತ್ತು ಹನ್ನೆರಡು ಕಿಲೋಮೀಟರಿಗೂ ಮಿಕ್ಕಿ ಎತ್ತರಕ್ಕೆ ಹೋಗಬಲ್ಲದು. ಅದರ ತುದಿ ಮೇಲಿನ ಗಾಳಿಗೆ ಸಿಕ್ಕಿ ಕಮ್ಮಾರನ ಅಡಿಗಲ್ಲಿನ ಆಕಾರದಲ್ಲಿ ಚಪ್ಪಟೆಯಾಗಿ ಹರಡಿಕೊಂಡಾಗ ಮೋಡ ಬಲಿತಿದೆಯೆಂದು ಅರ್ಥ. ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಹಿಂದೆ ಇಂಥ ಮೋಡ ಏಳುವುದನ್ನು ಆ ಊರಿನವರು ಎಷ್ಟೋ ಬಾರಿ ನೋಡಿರುತ್ತಾರೆ.

ಅಲ್ಲಿಯವರೆಗೆ ಮೇಲಕ್ಕೇರುತ್ತಿದ್ದ ಗಾಳಿ ಈಗ ದಿಕ್ಕು ಬದಲಿಸುತ್ತದೆ. ಮಳೆಹನಿ ಮತ್ತು ಆಲಿಕಲ್ಲುಗಳ ಭಾರ ಗಾಳಿಯನ್ನು ಕೆಳಕ್ಕೆಳೆಯುತ್ತದೆ. ಬೀಳುತ್ತಿರುವ ಹನಿಗಳಲ್ಲಿ ಒಂದಿಷ್ಟು ಒಣಗಾಳಿಯಲ್ಲಿ ಆವಿಯಾಗಿ ಗಾಳಿಯನ್ನು ತಣಿಸುತ್ತವೆ. ತಣಿದ ಗಾಳಿ ಭಾರವಾಗಿ ಇನ್ನೂ ವೇಗದಿಂದ ಕುಸಿಯುತ್ತದೆ. ಕೊಡದ ನೀರನ್ನು ಒಮ್ಮೆಲೆ ನೆಲಕ್ಕೆ ಸುರಿದರೆ ಹೇಗೆ ಸುತ್ತಲೂ ಚಿಮ್ಮುವುದೋ ಹಾಗೆ ಈ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಎಲ್ಲ ದಿಕ್ಕುಗಳಿಗೂ ನುಗ್ಗುತ್ತದೆ. ತೀರ ಬಲವಾದ ಇಂಥ ಕುಸಿತಕ್ಕೆ ಹವಾಮಾನ ತಜ್ಞರು ಡೌನ್‌ಬರ್ಸ್ಟ್ ಎನ್ನುತ್ತಾರೆ. ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೆಂದರೆ, ಈ ಗಾಳಿ ಮಳೆಗಿಂತ ಮುಂದೆ ಓಡುತ್ತದೆ. ಮಳೆಯ ತೆರೆ ಇನ್ನೂ ನಾಲ್ಕಾರು ಕಿಲೋಮೀಟರ್ ದೂರದಲ್ಲಿರುವಾಗಲೇ ಗಾಳಿ ನಮ್ಮನ್ನು ಮುಟ್ಟಿರುತ್ತದೆ. ಸೆಕೆ ತಟ್ಟನೆ ನಿಂತು ಮೈಗೆ ತಂಪು ಗಾಳಿ ಸೋಕಿತೆಂದು ಸಂತೋಷಪಡುವ ಆ ಗಳಿಗೆಯೇ ನೀರಿನ ಮೇಲಿರುವವನಿಗೆ ಅಂತಿಮ ಎಚ್ಚರಿಕೆ. ಅಂಗಳದಲ್ಲಿ ತೊಗರಿ ಒಣಹಾಕಿದವರಿಗೂ ಈ ತಂಪಿನ ಅರ್ಥ ಚೆನ್ನಾಗಿ ಗೊತ್ತು.

ಹಾಯಿ, ಗಾಳಿ ಮತ್ತು ಲೆಕ್ಕ

ಗಾಳಿಯ ಒತ್ತಡ ಅದರ ವೇಗದ ಪ್ರಮಾಣದಲ್ಲಿ ಹೆಚ್ಚುವುದಿಲ್ಲ; ವೇಗದ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು, ಮುಮ್ಮಡಿಯಾದರೆ ಒಂಬತ್ತು ಪಟ್ಟು. ಗಂಟೆಗೆ 15 ಕಿ.ಮೀ. ಗಾಳಿಯಲ್ಲಿ ಸುಖವಾಗಿ ತೇಲುತ್ತಿದ್ದ ಹಾಯಿದೋಣಿಯ ಮೇಲೆ ಎರಡು ನಿಮಿಷದೊಳಗೆ 60 ಕಿ.ಮೀ. ಗಾಳಿ ಬಿದ್ದರೆ, ಅದೇ ಹಾಯಿಯ ಮೇಲೆ ಹದಿನಾರು ಪಟ್ಟು ಒತ್ತಡ ಬಿದ್ದಂತಾಯಿತು. ಚಕ್ರಬಡ್ಡಿಯ ಲೆಕ್ಕ ಬಲ್ಲ ವರ್ತಕರಿಗೆ ಇದರ ಭೀಕರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನುಭವಿ ನಾವಿಕರು ಈ ಕಾರಣದಿಂದ ಹಾಯಿಯನ್ನು ಗಾಳಿ ಬಂದ ಮೇಲೆ ಇಳಿಸುವುದಿಲ್ಲ, ಬರುವ ಮುಂಚೆಯೇ ಇಳಿಸುತ್ತಾರೆ. ದೂರದಲ್ಲಿ ಮೋಡ ಕಪ್ಪಾದೊಡನೆ ಹಾಯಿಯ ಒಂದು ಭಾಗವನ್ನು ಮಡಿಸಿ ಕಟ್ಟುವುದು, ಮೋಡ ತನ್ನತ್ತ ಬರುತ್ತಿದೆಯೆಂದು ಖಚಿತವಾದೊಡನೆ ಪೂರ್ತಿ ಇಳಿಸಿ ಬಿಗಿಯುವುದು, ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸುವುದು, ಒಳಕ್ಕೆ ನೀರು ನುಗ್ಗಬಹುದಾದ ಬಾಗಿಲು ಕಿಂಡಿಗಳನ್ನು ಮುಚ್ಚುವುದು, ಎಂಜಿನ್ ಇದ್ದರೆ ಚಾಲೂ ಮಾಡಿ ದೋಣಿಯ ಮೂತಿಯನ್ನು ಗಾಳಿಯ ಕಡೆಗೆ ಹಿಡಿಯುವುದು, ಇವು ಅವರ ಕ್ರಮ. ಇನ್ನೊಂದು ವಿಷಯ ನಮಗೆ ವಿಚಿತ್ರವಾಗಿ ಕಾಣಬಹುದು. ಸಮುದ್ರದಲ್ಲಿ ಬಿರುಗಾಳಿ ಬಂದಾಗ ನಾವಿಕನು ಅನೇಕ ಸಲ ದಡದತ್ತ ಓಡುವುದಿಲ್ಲ, ದಡದಿಂದ ದೂರ ಸರಿಯುತ್ತಾನೆ. ದೋಣಿಯನ್ನು ಒಡೆಯುವುದು ನೀರಿಗಿಂತ ಹೆಚ್ಚಾಗಿ ಬಂಡೆ ಮತ್ತು ಮರಳದಿಬ್ಬ. ನದಿಯಲ್ಲಿ ಇದು ಸಲ್ಲದು. ಅಲ್ಲಿ ದಡವೇ ರಕ್ಷಣೆ.

ಹಾಯಿ ಇಳಿಸಿದರೆ ಕ್ಷೇಮವೆಂಬುದೂ ಎಲ್ಲ ಕಾಲಕ್ಕೂ ನಿಜವಲ್ಲ. 2024ರ ಆಗಸ್ಟ್ 19ರ ಬೆಳಗಿನ ಜಾವ ಇಟಲಿಯ ಸಿಸಿಲಿ ದ್ವೀಪದ ಬಳಿ ಲಂಗರು ಹಾಕಿ ನಿಂತಿದ್ದ 'ಬೇಸಿಯನ್' ಎಂಬ ಐಷಾರಾಮಿ ಹಾಯಿಹಡಗು ಗುಡುಗು ಮಳೆಯ ಗಾಳಿಗೆ ಮಗುಚಿ ಮುಳುಗಿತು. 56 ಮೀಟರ್ ಉದ್ದದ ಆ ಹಡಗಿನ ಕೂವೆಮರವೇ 70 ಮೀಟರಿಗಿಂತ ಎತ್ತರವಾಗಿತ್ತು. ಅದರಲ್ಲಿದ್ದ 22 ಜನರಲ್ಲಿ 7 ಜನ ಸತ್ತರು. ಬ್ರಿಟನ್ನಿನ ಸಾಫ್ಟ್‌ವೇರ್ ಉದ್ಯಮಿ ಮೈಕ್ ಲಿಂಚ್ ಅವರೂ ಅವರ ಮಗಳೂ ಆ ಏಳು ಜನರಲ್ಲಿ ಸೇರಿದ್ದರು. ಹಾಯಿಗಳೆಲ್ಲ ಇಳಿದೇ ಇದ್ದವು. ಬ್ರಿಟನ್ನಿನ ಕಡಲ ಅಪಘಾತ ತನಿಖಾ ಸಂಸ್ಥೆಯು 2025ರ ಮೇ ತಿಂಗಳಲ್ಲಿ ನೀಡಿದ ಮಧ್ಯಂತರ ವರದಿಯ ಪ್ರಕಾರ, ಅಂದಿನ ಸ್ಥಿತಿಯಲ್ಲಿ ಆ ಹಡಗನ್ನು ಮಗುಚಲು ಪಕ್ಕದಿಂದ ಗಂಟೆಗೆ ಸುಮಾರು 117 ಕಿ.ಮೀ. ಮೀರಿದ ಗಾಳಿ ಸಾಕಾಗಿತ್ತು. ಹಡಗಿನೊಂದಿಗೆ ಕೊಟ್ಟಿದ್ದ ಕೈಪಿಡಿಯಲ್ಲಿ ಈ ಮಾಹಿತಿ ಇರಲಿಲ್ಲ. ಮಾಲೀಕರಿಗಾಗಲಿ ನಾವಿಕರಿಗಾಗಲಿ ಅದು ತಿಳಿದಿರಲಿಲ್ಲ. ಹತ್ತಿರದಲ್ಲಿಯೇ ಇದ್ದ ಇನ್ನೊಂದು ಹಾಯಿಹಡಗು ಎಂಜಿನ್ ಚಲಾಯಿಸಿ ತನ್ನ ಜಾಗದಲ್ಲಿ ನಿಂತು ಉಳಿದುಕೊಂಡಿತು. ಬೇಸಿಯನ್ನಿನಿಂದ ಪಾರಾದ 15 ಜನರನ್ನು ಎತ್ತಿಕೊಂಡದ್ದೂ ಅದೇ ಹಡಗು. ಕೋಟಿಗಟ್ಟಲೆ ಬೆಲೆಯ ಹಡಗಿಗೇ ತನ್ನ ಮಿತಿ ತಿಳಿದಿರದಿದ್ದರೆ, ನಮ್ಮ ಜಲಾಶಯಗಳಲ್ಲಿ ಬಾಡಿಗೆಗೆ ಓಡುವ ಫೈಬರ್ ದೋಣಿಗಳ ಮಿತಿಯನ್ನು ಬಲ್ಲವರಾರು?

ಅದೇ ಭೀಮೆ

ಸಿಸಿಲಿ ದೂರವಾಯಿತು ಎನ್ನುವವರು ನಮ್ಮದೇ ನದಿಯನ್ನು ನೋಡಬಹುದು. ಯಾದಗಿರಿಯ ಸೇತುವೆಯ ಕೆಳಗೆ ಹರಿಯುವ ಭೀಮೆಗೆ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿ, ಉಜನಿ ಅಣೆಕಟ್ಟು ಇದೆ. ಅದರ ಹಿನ್ನೀರಿನ ಎರಡೂ ದಡಗಳ ಹಳ್ಳಿಗಳ ಜನ ರಸ್ತೆಯ ಸುತ್ತು ತಪ್ಪಿಸಲು ದೋಣಿಯಲ್ಲಿ ದಾಟುವ ರೂಢಿ ಇದೆ. 2024ರ ಮೇ 21ರ ಸಂಜೆ ಕರಮಾಳಾ ತಾಲೂಕಿನ ಕುಗಾಂವ ಮತ್ತು ಇಂದಾಪುರ ತಾಲೂಕಿನ ಕಳಾಶಿ ನಡುವೆ ಸಾಗುತ್ತಿದ್ದ ದೋಣಿಯ ಮೇಲೆ ಬಿರುಗಾಳಿ ಮಳೆ ಎರಗಿ ಅದು ಮಗುಚಿತು. ದೋಣಿಯಲ್ಲಿದ್ದವರು ಏಳು ಜನ. ಒಬ್ಬರು ಈಜಿ ದಡ ಸೇರಿದರು. ಮಕ್ಕಳೂ ಸೇರಿ ಆರು ಜನ ತೀರಿಕೊಂಡರು. ಪಂಚಾಂಗದ ಪ್ರಕಾರ ಅದು ಕೃತ್ತಿಕಾ ಮಳೆಯ ಕಾಲ. ನಮ್ಮಲ್ಲಿಯೂ ಸಂಜೆಯ ಗುಡುಗು ಅಬ್ಬರಿಸುವ ದಿನಗಳು ಅವೇ.

ನದಿಯ ಮೇಲೆ ಎಷ್ಟು ದೊಡ್ಡ ಹಡಗಿದ್ದರೂ ಈ ಗಾಳಿಗೆ ಅಷ್ಟೇ ಎಂಬುದಕ್ಕೆ ಚೀನಾದ ಯಾಂಗ್‌ತ್ಸೆ ನದಿಯ ಪ್ರಕರಣ ಸಾಕ್ಷಿ. 2015ರ ಜೂನ್ 1ರ ರಾತ್ರಿ 'ಈಸ್ಟರ್ನ್ ಸ್ಟಾರ್' ಎಂಬ ಪ್ರವಾಸಿ ಹಡಗು ಡೌನ್‌ಬರ್ಸ್ಟ್ ಗಾಳಿಗೆ ಸಿಕ್ಕಿ ಮಗುಚಿಕೊಂಡಿತು. ಅದರಲ್ಲಿದ್ದ 454 ಜನರಲ್ಲಿ ಬದುಕಿದವರು 12 ಜನ ಮಾತ್ರ.

ಈ ಪ್ರಕರಣಗಳಲ್ಲಿ ಯಾವುದರಲ್ಲಿಯೂ ದೋಣಿಯನ್ನು ಮುಳುಗಿಸಿದ್ದು ಸಿಡಿಲಲ್ಲ, ಗಾಳಿ. ಗುಡುಗು ಕೇಳಿದೊಡನೆ ನಮ್ಮ ಮನಸ್ಸು ಸಿಡಿಲಿನ ಕಡೆಗೇ ಹೋಗುತ್ತದೆ. ನೀರಿನ ಮೇಲೆ ಮೊದಲ ಪೆಟ್ಟು ಗಾಳಿಯದೆಂಬುದನ್ನು ಮರೆಯುತ್ತೇವೆ.

ಹರಿಗೋಲಿನ ಸ್ವಭಾವ

ಹರಿಗೋಲು ತನ್ನ ಕೆಲಸಕ್ಕೆ ಹೇಳಿ ಮಾಡಿಸಿದ ವಾಹನ. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ, ಈಗ ತಾಡಪಾಲು ಇಲ್ಲವೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದರೆ ಆಯಿತು. ತಳ ಚಪ್ಪಟೆಯಾದುದರಿಂದ ಬಂಡೆಗಳ ನಡುವಿನ ಕಡಿಮೆ ನೀರಿನಲ್ಲಿಯೂ ಸಾಗುತ್ತದೆ; ಭಾರವಿಲ್ಲದ್ದರಿಂದ ತಲೆಯ ಮೇಲೆ ಹೊತ್ತು ನಡೆಯಬಹುದು. ಆದರೆ ನೀರನ್ನು ಹಿಡಿದು ನಿಲ್ಲುವ ಅಡಿಮರ ಅದಕ್ಕಿಲ್ಲ. ಗಾಳಿ ಬಂದರೆ ಬುಗುರಿಯಂತೆ ತಿರುಗುತ್ತದೆ, ಗಾಳಿ ನೂಕಿದತ್ತ ಹೋಗುತ್ತದೆ. ಅಂಬಿಗನ ಒಂದು ಹುಟ್ಟಿಗೆ ಆ ಬಲವನ್ನು ಎದುರಿಸುವ ಶಕ್ತಿ ಇಲ್ಲ. ಮಳೆ ಬಂದಿತೆಂದು ಒಳಗಿನವರು ಕೊಡೆ ಬಿಚ್ಚಿದರೆ, ಇಲ್ಲವೆ ಚೀಲಗಳ ಮೇಲೆ ತಾಡಪಾಲು ಹರಡಿ ಅದರ ಅಂಚು ಎದ್ದು ನಿಂತರೆ, ಅದೇ ಹಾಯಿಯಾಗುತ್ತದೆ; ಇಳಿಸಲು ಬಾರದ ಹಾಯಿ. ಹೆದರಿದ ಜನ ಎದ್ದು ಒಂದೇ ಬದಿಗೆ ಸರಿದರಂತೂ ಹರಿಗೋಲು ಮಗುಚಲು ಗಾಳಿಯ ಸಹಾಯವೂ ಬೇಕಿಲ್ಲ.

ನಮ್ಮಲ್ಲಿ ಹೆಚ್ಚು ಎಚ್ಚರಿಕೆಯ ಕಾಲ ಯಾವುದು? ಮೇ ತಿಂಗಳೆಂದು ಸಾಮಾನ್ಯವಾಗಿ ಹೇಳಬಹುದು, ಆದರೆ ನನ್ನ ಅಭಿಪ್ರಾಯ ಬೇರೆ. ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ಕಾಲದಲ್ಲಿ ಗುಡುಗಿನ ಆರ್ಭಟ ಜೋರು, ನದಿಯಲ್ಲಿ ನೀರು ಕಡಿಮೆ. ಬ್ಯಾರೇಜುಗಳ ಹಿನ್ನೀರು ಮತ್ತು ಜಲಾಶಯಗಳನ್ನು ಬಿಟ್ಟರೆ ದೋಣಿಯ ಅವಶ್ಯಕತೆಯೇ ಅಷ್ಟಾಗಿ ಬೀಳುವುದಿಲ್ಲ. ಮುಂಗಾರು ಹಿಂದೆ ಸರಿಯುವ ಉತ್ತರಿ, ಹಸ್ತ, ಚಿತ್ತಿ ಮಳೆಗಳ ಕಾಲದಲ್ಲಿ ಗುಡುಗು ಮರಳಿ ಬರುತ್ತದೆ, ಆಗ ನದಿ, ಕೆರೆ, ಬಸವಸಾಗರ ಎಲ್ಲವೂ ತುಂಬಿರುತ್ತವೆ. ಸುಮಾರು 33 ಟಿಎಂಸಿ ಹಿಡಿಯುವ ಆ ಜಲಾಶಯದ ವಿಶಾಲವಾದ ಹರವಿನ ಮೇಲೆ ತಡೆಯಿಲ್ಲದೆ ಬೀಸುವ ಗಾಳಿ ಕೆಲವೇ ನಿಮಿಷಗಳಲ್ಲಿ ಚಿಕ್ಕ ದೋಣಿಯನ್ನು ತುಂಬಿಸುವಷ್ಟು ಅಲೆ ಎಬ್ಬಿಸುತ್ತದೆ. ಹೊಸ ಮಾಲು ಪೇಟೆಗೆ ಬರಲು ಆರಂಭವಾಗುವುದೂ, ಎಲ್ಲರಿಗೂ ಅವಸರ ಹತ್ತುವುದೂ ಅದೇ ಸುಮಾರಿಗೆ.

ಲೈಫ್ ಜಾಕೆಟ್ಟಿನ ಬಗ್ಗೆ ಒಂದು ಮಾತು. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುಗಡ್ಡೆ. ನಾರಾಯಣಪುರದಿಂದ ನೀರು ಬಿಟ್ಟಾಗ ಅಲ್ಲಿನವರಿಗೆ ಹೊರಗಿನ ಸಂಪರ್ಕ ಕಡಿದುಹೋಗುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ. 2014ರಲ್ಲಿ ಆ ಊರಿನ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ನೆರವಿನಿಂದ ತುಂಬಿದ ಹೊಳೆಯನ್ನು ಈಜಿ ದಾಟಿದ್ದು ದೇಶದಾದ್ಯಂತ ಸುದ್ದಿಯಾಯಿತು. ಆ ಬುರುಡೆಯ ತತ್ವವೇ ಲೈಫ್ ಜಾಕೆಟ್ಟಿನ ತತ್ವ. ನೀರಿನಲ್ಲಿ ತಲೆ ಮೇಲಿರಲು ದೊಡ್ಡವರಿಗೆ ನಾಲ್ಕೈದು ಕಿಲೋ ತೂಕವನ್ನು ಎತ್ತಬಲ್ಲಷ್ಟು ತೇಲುವ ಬಲ ಬೇಕು. ಬಿಗಿಯಾಗಿ ಮುಚ್ಚಳ ಹಾಕಿದ ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನುಗಳನ್ನು ಎದೆಗೆ ಅಡ್ಡಲಾಗಿ ಭದ್ರವಾಗಿ ಕಟ್ಟಿದರೆ ಆ ಬಲ ದೊರೆಯುತ್ತದೆ. ಅದು ಪ್ರಮಾಣಿತ ಜಾಕೆಟ್ಟಿಗೆ ಸಮನಲ್ಲ, ಏನೂ ಇಲ್ಲದಿರುವುದಕ್ಕಿಂತ ಬಹಳ ಮೇಲು. ನದಿಯಾಚೆಯ ಹಳ್ಳಿಗಳಿಗೆ ಖರೀದಿಗೆಂದು ಗುಮಾಸ್ತರನ್ನು ಕಳಿಸುವ ಅಂಗಡಿಯವರು ನಾಲ್ಕು ಜಾಕೆಟ್ ಕೊಂಡಿಡುವುದು ದೊಡ್ಡ ಖರ್ಚೇನಲ್ಲ. ಕೆಲಸದ ನಿಮಿತ್ತ ಕಳಿಸಿದ ಆಳಿಗೆ ದಾರಿಯಲ್ಲಿ ಅಪಘಾತವಾದರೆ ಮಾಲೀಕನ ಮೇಲೆ ಪರಿಹಾರದ ಹೊಣೆ ಬರಬಹುದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಸಿಡಿಲು

2022ನೇ ಸಾಲಿನಲ್ಲಿ ದೇಶದಲ್ಲಿ ಸಿಡಿಲಿಗೆ 2,887 ಜನ ಬಲಿಯಾದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಅಂಕಿಅಂಶ ಹೇಳುತ್ತದೆ. ಬಯಲಿನಲ್ಲಿ ಎತ್ತರವಾಗಿ ನಿಂತದ್ದನ್ನು ಸಿಡಿಲು ಹುಡುಕುತ್ತದೆ. ನೀರಿನ ಮೇಲೆ ಎಲ್ಲವೂ ಬಯಲೇ. ಹಾಯಿದೋಣಿಯಲ್ಲಿ ಕೂವೆಮರ, ಹರಿಗೋಲಿನಲ್ಲಿ ನಿಂತು ಹುಟ್ಟು ಹಾಕುವ ಅಂಬಿಗನ ತಲೆ, ಅಲ್ಲಿ ಅತಿ ಎತ್ತರದ ವಸ್ತು.

ನಮ್ಮ ಕಾರ್ಖಾನೆಯ ಮಿಂಚುಬಂಧಕದಂತೆಯೇ ಒಳ್ಳೆಯ ಹಾಯಿದೋಣಿಯಲ್ಲಿ ಕೂವೆಯ ತುದಿಯಿಂದ ದಪ್ಪ ತಾಮ್ರದ ತಂತಿಯನ್ನು ಆದಷ್ಟು ನೇರವಾಗಿ ಇಳಿಸಿ, ನೀರಿನಲ್ಲಿ ಮುಳುಗಿರುವ ಲೋಹದ ತಗಡಿಗೆ ಜೋಡಿಸಿರುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಡಿಹೋಗುತ್ತದೆ. ಹೊಳೆಯ ಸಿಹಿನೀರು ಅದಕ್ಕಿಂತ ಎಷ್ಟೋ ಪಟ್ಟು ಕಡಿಮೆ ವಾಹಕ. ಸಮುದ್ರದಲ್ಲಿ ಸಾಕಾಗುವ ಅಷ್ಟೇ ತಗಡು ನದಿ ಜಲಾಶಯಗಳಲ್ಲಿ ಸಾಲದು. ಇಳಿಯಲು ದಾರಿ ಸಿಗದ ವಿದ್ಯುತ್ತು ಪಕ್ಕಕ್ಕೆ ಹಾರಿ ಹತ್ತಿರದ ಮನುಷ್ಯರನ್ನೂ ದೋಣಿಯ ಗೋಡೆಯನ್ನೂ ಸೀಳುತ್ತದೆ. ಕೊಳವೆ ಬಾವಿಯ ಒಣ ಕಲ್ಲುನೆಲದಲ್ಲಿ ಅರ್ಥಿಂಗ್ ಸರಿಯಾಗಿ ಹಿಡಿಯದೆ ಪೇಚಾಡಿದ ನಮ್ಮ ಸಣ್ಣ ಕೈಗಾರಿಕೆಗಳವರಿಗೆ ಈ ತೊಂದರೆ ಹೊಸದಲ್ಲ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ಮುಂದಿನದು ನಮ್ಮ ಮೇಲೆಯೇ ಬೀಳಬಹುದು. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ನೀರಿಗಿಳಿಯಬಾರದು. ದಡದಲ್ಲಿ ಕಾಯುವವರು ಒಂಟಿ ಮರದ ಕೆಳಗಾಗಲಿ, ಗೋಡೆಯಿಲ್ಲದ ತಗಡಿನ ಚಪ್ಪರದ ಕೆಳಗಾಗಲಿ ನಿಲ್ಲದೆ, ಪಕ್ಕಾ ಮನೆಯೊಳಗೆ ಅಥವಾ ಗಾಜು ಏರಿಸಿದ ಲಾರಿ ಕಾರುಗಳ ಒಳಗೆ ಇರತಕ್ಕದ್ದು. ನಡುನೀರಿನಲ್ಲಿ ಸಿಕ್ಕಿಬಿದ್ದರೆ ಎಲ್ಲರೂ ತಳದಲ್ಲಿ ಕುಳಿತು, ಕೈಗಳನ್ನು ನೀರಿನಿಂದಲೂ ಲೋಹದಿಂದಲೂ ದೂರವಿಟ್ಟು, ಹತ್ತಿರದ ದಡಕ್ಕೆ ಸಾಗಬೇಕು. ಹೊರಟ ದಡವೇ ಹತ್ತಿರವಾದರೆ ಅಲ್ಲಿಗೇ ಮರಳಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರಿ ಕಳೆಯುವ ನಿಮಿಷಗಳಲ್ಲಿಯೇ ಎಷ್ಟೋ ಜೀವಗಳು ಹೋಗಿವೆ. ಉಸಿರು ನಿಂತಿದ್ದರೆ ಕೂಡಲೇ ಎದೆಯೊತ್ತಿ ಕೃತಕ ಉಸಿರಾಟ ಕೊಡಬೇಕು.

ಮುನ್ಸೂಚನೆಯ ವಿಷಯದಲ್ಲಿ ಹಿಂದಿನವರಿಗಿಲ್ಲದ ಅನುಕೂಲ ನಮಗಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಎಂಬ ಮೊಬೈಲ್ ಆ್ಯಪ್, ನಾವಿರುವ ಜಾಗದಿಂದ 20 ಮತ್ತು 40 ಕಿ.ಮೀ. ವ್ಯಾಪ್ತಿಯಲ್ಲಿ ಬೀಳುತ್ತಿರುವ ಸಿಡಿಲನ್ನು ತೋರಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 'ಸಿಡಿಲು' ಎಂಬ ಹೆಸರಿನಲ್ಲಿ ಇಂಥದೇ ಆ್ಯಪ್ ರೂಪಿಸಿದೆ. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಮುನ್ನೋಟವನ್ನು ಜಿಲ್ಲಾವಾರು ಬಣ್ಣಗಳಲ್ಲಿ ಪ್ರಕಟಿಸುತ್ತದೆ. ಮುಂಜಾನೆಯ ಪೇಟೆ ಧಾರಣೆ ನೋಡುವ ಫೋನಿನಲ್ಲಿಯೇ ಮಧ್ಯಾಹ್ನ ಇದನ್ನೂ ನೋಡಬಹುದು.

ತಡ, ವಿಮೆ ಮತ್ತು ಸೌದಾ

ಇಷ್ಟೆಲ್ಲ ತಿಳಿದೂ ದೋಣಿಗಳು ಹೊರಡಬಾರದ ಹೊತ್ತಿನಲ್ಲಿ ಹೊರಡುವುದೇಕೆ? ಮೋಡದ ಅರ್ಥ ಅಂಬಿಗನಿಗೆ ಗೊತ್ತಿಲ್ಲವೆಂದಲ್ಲ. ನಮಗಿಂತ ಚೆನ್ನಾಗಿ ಗೊತ್ತು. ಆಚೆ ದಡದಲ್ಲಿ ಲಾರಿ ಕಾಯುತ್ತಿರುತ್ತದೆ, ಮರುದಿನದ ಟೆಂಡರಿಗೆ ಮಾಲು ಮುಟ್ಟಬೇಕಾಗಿರುತ್ತದೆ, ಮೀನು ಹಳಸುತ್ತದೆ. ಹೊರಡುವ ಹೊತ್ತನ್ನು ನಿರ್ಧರಿಸುವವನು ಅನೇಕ ಸಲ ಅಂಬಿಗನಲ್ಲ, ಪೇಟೆಯಲ್ಲಿ ಕುಳಿತ ನಾವು. ಹೀಗಾಗಿ ಈ ವಿಷಯ ವಾಣಿಜ್ಯ ಪತ್ರಿಕೆಗೂ ಸಂಬಂಧಿಸಿದ್ದು.

ತಡವಾದುದರಿಂದ ಆಗುವ ನಷ್ಟವನ್ನು ಸರಕು ವಿಮೆ ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಸಮುದ್ರ ಸಾಗಣೆಯ ಎ, ಬಿ, ಸಿ ಎಂಬ ಮೂರೂ ಬಗೆಯ ಷರತ್ತುಗಳಲ್ಲಿ ವಿಳಂಬದ ನಷ್ಟ ಹೊರಗಿಡಲ್ಪಟ್ಟಿದೆ. ಅಗ್ಗದ 'ಸಿ' ಷರತ್ತಿನಲ್ಲಿ ಹಡಗು ಮುಳುಗುವುದು, ಮಗುಚುವುದು ಸೇರಿವೆ; ಸಿಡಿಲಾಗಲಿ ಹಡಗಿನೊಳಗೆ ನೀರು ಹೊಕ್ಕು ಮಾಲು ಕೆಡುವುದಾಗಲಿ ಸೇರಿಲ್ಲ. 'ಬಿ' ಷರತ್ತಿನಲ್ಲಿ ಇವೆರಡೂ ಇವೆ, ಆದರೆ ಮೇಲಿನಿಂದ ಮಳೆ ಬಿದ್ದು ನೆನೆದುದಕ್ಕೆ 'ಎ' ಷರತ್ತೇ ಬೇಕು. ದೇಶದೊಳಗಿನ ಸಾಗಣೆಗೆ ನಾವು ಸಾಮಾನ್ಯವಾಗಿ ಪಡೆಯುವ ಪಾಲಿಸಿ ರೈಲು ಮತ್ತು ರಸ್ತೆಗೆಂದೇ ರೂಪಿಸಿದ್ದು. ನಡುವೆ ಒಂದು ಹೊಳೆಯನ್ನು ನಾಡದೋಣಿಯಲ್ಲಿ ದಾಟಿಸುವುದಿದ್ದರೆ ಅದನ್ನು ಮೊದಲೇ ವಿಮಾ ಕಂಪನಿಗೆ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯದೆ ಕ್ಲೇಮು ನಿಲ್ಲುವ ಭರವಸೆ ಇಲ್ಲ. ದೋಣಿ ಸಂಚಾರಯೋಗ್ಯವಲ್ಲವೆಂದು ಗೊತ್ತಿದ್ದೂ ಮಾಲು ಹೇರಿದ್ದು ರುಜುವಾತಾದರೆ ಯಾವ ಷರತ್ತೂ ಕೈಹಿಡಿಯದು.

ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸಿಮೆಂಟು, ಕಟ್ಟಡ ಸಾಮಗ್ರಿ, ತರಕಾರಿ ಒಯ್ಯುವ ಮರದ ಹಡಗುಗಳನ್ನು ಇಂದಿಗೂ ಕಾನೂನು 'ಯಾಂತ್ರೀಕೃತ ಹಾಯಿಹಡಗು' ಎಂದೇ ಕರೆಯುತ್ತದೆ; ಎಂಜಿನ್ ಬಂದರೂ ಹಾಯಿಯ ಹೆಸರು ಹೋಗಲಿಲ್ಲ. 2025ರ ಮೇ 12ರಂದು, ಮಳೆಗಾಲದ ಬಿಡುವಿಗೆ ಕೆಲವೇ ದಿನ ಉಳಿದಿರುವಾಗ, 'ಸಲಾಮತ್' ಎಂಬ ಅಂಥ ಒಂದು ಹಡಗು ಸಿಮೆಂಟು ಮತ್ತು ಕಟ್ಟಡ ಸಾಮಗ್ರಿ ಹೇರಿಕೊಂಡು ಕಡಮತ್ ದ್ವೀಪಕ್ಕೆ ಹೊರಟಿತು. 14ರ ಬೆಳಗಿನ ಜಾವ ನೀರು ನುಗ್ಗಿ ಮುಳುಗಿತು. ಆರು ಜನ ಸಿಬ್ಬಂದಿ ಚಿಕ್ಕ ದೋಣಿಗಿಳಿದು ತೇಲುತ್ತಿದ್ದುದನ್ನು ಆ ದಾರಿಯಲ್ಲಿ ಹೋಗುತ್ತಿದ್ದ ಹಡಗೊಂದು ಕಂಡು ಸುದ್ದಿ ಕೊಟ್ಟಿತು. ಕರಾವಳಿ ರಕ್ಷಣಾ ಪಡೆಯ 'ವಿಕ್ರಮ್' ಅವರೆಲ್ಲರನ್ನೂ ಉಳಿಸಿತು. ಮಾಲು ಸಮುದ್ರದ ಪಾಲಾಯಿತು.

ತಡಕ್ಕೆ ವಿಮೆ ಇಲ್ಲದಿರುವಾಗ ಅದಕ್ಕೆ ಜಾಗ ಮಾಡಿಕೊಡಬೇಕಾದುದು ಸೌದಾ ಪತ್ರದಲ್ಲಿ. ಮಾಲು ಮುಟ್ಟಿಸುವ ದಿನವನ್ನು ಬರೆಯುವಾಗ, ಗುಡುಗು ಮಳೆ ಅಥವಾ ನದಿ ನೀರಿನ ಕಾರಣದಿಂದ ಎರಡು ದಿನದವರೆಗೆ ತಡವಾದರೆ ದಂಡವಿಲ್ಲವೆಂಬ ಒಂದು ಸಾಲು ಸೇರಿಸಲು ಯಾವ ಖರೀದಿದಾರನೂ ಬೇಡವೆನ್ನಲಾರ. ದೋಣಿ ಬಾಡಿಗೆಯನ್ನು ಖೇಪಿನ ಲೆಕ್ಕದಲ್ಲಿ ಕೊಡುವವರು ಕಾಯುವ ಹೊತ್ತಿಗೂ ಒಂದಿಷ್ಟು ಹಣ ಗೊತ್ತುಮಾಡಿದರೆ ಅಂಬಿಗನು ಮೋಡ ನೋಡಿ ದಡದಲ್ಲಿ ಕೂರಲು ಧೈರ್ಯ ಮಾಡುತ್ತಾನೆ. ಎಂಜಿನ್ ಇರುವ ದೋಣಿಯಾದರೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ನೋಂದಣಿಯಾಗಿದೆಯೇ ಎಂಬುದನ್ನು ಮಾಲು ಹೇರುವ ಮುನ್ನ ಕೇಳಿ ನೋಡಬೇಕು.

ಅನಾಹುತ ಸಂಭವಿಸಿಯೇ ಬಿಟ್ಟರೆ, ಮಾಲಿನ ಮಟ್ಟಿಗೆ ವಿಮಾ ಕಂಪನಿಗೆ ಅದೇ ದಿನ ಲಿಖಿತ ಸೂಚನೆ ಕೊಟ್ಟು, ಸರ್ವೆಯರ್ ಬರುವವರೆಗೆ ಉಳಿದ ಚೀಲಗಳನ್ನು ಬೇರ್ಪಡಿಸಿ ಒಣಗಿಸತಕ್ಕದ್ದು. ನಷ್ಟ ತಗ್ಗಿಸಲು ಯತ್ನಿಸಲಿಲ್ಲವೆಂಬ ಆಕ್ಷೇಪಣೆಗೆ ಆಗ ಎಡೆಯಿರುವುದಿಲ್ಲ. ಸಿಡಿಲಿನಿಂದ ಜೀವಹಾನಿಯಾದಲ್ಲಿ ಸರ್ಕಾರದ ಪ್ರಕೃತಿ ವಿಕೋಪ ಪರಿಹಾರಕ್ಕಾಗಿ ಮೃತರ ಕುಟುಂಬದವರು ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಅದಕ್ಕೆ ಪೊಲೀಸ್ ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಅವಶ್ಯಕ. ದುಃಖದಲ್ಲಿ ಇವನ್ನು ಮಾಡಿಸದೆ ಅಂತ್ಯಕ್ರಿಯೆ ಮುಗಿಸಿದ ಬಡ ಕುಟುಂಬಗಳಿಗೆ ಪರಿಹಾರ ಪಡೆಯುವುದು ಬಹಳ ಕಷ್ಟವಾಗುತ್ತದೆ. ಊರಿನ ವರ್ತಕರು ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಕಾಗದಪತ್ರ ಮಾಡಿಸಿಕೊಡುವುದು ಸಾಧ್ಯವಿರುವ ಕೆಲಸ.